ಡಿಸ್ಟಾರ್ಷನ್ ಅಂದ್ರೇನು, ಮಿಸ್?

ಮಿಸ್ ಅವರ ಕನ್ನಡಕದ ಬಲಗಾಜಿನ ಮೇಲೆ ಮಾತ್ರ ಅಂಗೈಯ ಗುರುತು. ಎಡಗಾಜು ಆಗಷ್ಟೇ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಇಷ್ಟು ಸಣ್ಣ ವಿಷಯ ಅಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಎಂದಿನ ಬೆಳಗು. ಮಗಳ ಸ್ಕೂಲ್ ವ್ಯಾನ್ ಹೋದ ಮೇಲೆ ಒಂದು ಲೋಟ ಕಾಫಿ ಹಿಡಿದು, ಜಯನಗರದ ನಮ್ಮ ಬಿಲ್ಡಿಂಗಿನ ಕೆಳಮನೆಗೆ ಇಳಿದಿದ್ದೆ. ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮಿಸ್ ಅಲ್ಲಿದ್ದರು. ಅವರ ಬಲಗಣ್ಣಿನ ಒಳಪರದೆ ಹಾಳಾಗತೊಡಗಿತ್ತು. ಡಾಕ್ಟರು ಚೌಕಳಿ ಗೆರೆಗಳ ಕಾರ್ಡೊಂದನ್ನು ಕೊಟ್ಟು, "ದಿನಾ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಗೆರೆ ಬಾಗಿದ್ರೆ ಡಿಸ್ಟಾರ್ಷನ್ ಶುರುವಾಗಿದೆ ಅಂತ. ಅವತ್ತೇ ಬಂದು ಇಂಜೆಕ್ಷನ್ ಹಾಕಿಸ್ಕೊಳ್ಳಿ, ತಡ ಆದ್ರೆ ಕಣ್ಣು ಹೋಗುತ್ತೆ" ಎಂದಿದ್ದರು.

ಕಾರ್ಡು ಫ್ರಿಡ್ಜಿನ ಬಾಗಿಲಲ್ಲಿತ್ತು. ಮಿಸ್ ಅದರ ಮುಂದೆ ಅಸೆಂಬ್ಲಿಗೆ ನಿಂತಂತೆ ನಿಂತು, ಕನ್ನಡಕದ ಮೇಲೆ ಅಂಗೈ ಇಟ್ಟು, "ಸ್ಟ್ರೈಟ್! ಸ್ಕೇಲ್ ಇಟ್ಟ ಹಾಗಿದೆ" ಎನ್ನುವರು. ನಾನು ಕ್ಯಾಲೆಂಡರಿನಲ್ಲಿ ಟಿಕ್ ಹಾಕುವೆ.

ಡಿಸ್ಟಾರ್ಷನ್ ಎನ್ನುವ ಆ ಪದವನ್ನು ಏಳನೇ ಕ್ಲಾಸಿನಲ್ಲೇ ಅವರು ನಮಗೆ ಕಲಿಸಿದ್ದರು. ಒದ್ದೆ ಕರ್ಚೀಫನ್ನು ಎರಡೂ ಕೈಯಲ್ಲಿ ಹಿಂಡುತ್ತಾ, "ಲ್ಯಾಟಿನ್‌ನಲ್ಲಿ ತಿರುಚೋದು ಅನ್ನೋ ಮಾತಿನಿಂದ ಬಂದಿದ್ದು ಇದು. ಟಾರ್ಚರ್ ಕೂಡ ಇದರದೇ ವಂಶ. ಮೈಕಿನಲ್ಲಿ ದನಿ ತಿರುಚಿಕೊಳ್ಳುತ್ತೆ, ಸೊಟ್ಟ ಕನ್ನಡೀಲಿ ಮುಖ ತಿರುಚಿಕೊಳ್ಳುತ್ತೆ, ನಿಮ್ಮ ಬಾಯಲ್ಲಿ ನನ್ನ ಪಾಠ ತಿರುಚಿಕೊಳ್ಳುತ್ತೆ" ಎಂದಿದ್ದರು. ನಾವು ನಕ್ಕಿದ್ದೆವು. ಕರ್ಚೀಫ್ ಬಿಡಿಸಿ ತೋರಿಸಿದ್ದರು. "ಹರಿದಿಲ್ಲ, ನೋಡಿ." ಕನ್ನಡದಲ್ಲಿ ಅದಕ್ಕಿರುವ ವಿಕೃತಿ ಎನ್ನುವ ಮಾತು ಅವರಿಗೆ ಸೇರುತ್ತಿರಲಿಲ್ಲ. ಬೈದ ಹಾಗೆ ಕೇಳಿಸುತ್ತೆ ಅನ್ನುತ್ತಿದ್ದರು.

ಅವತ್ತು ಟಿಕ್ ಹಾಕದೆ, "ಮಿಸ್, ಈಗ ಎಡಗಣ್ಣು ಮುಚ್ಚಿ" ಎಂದೆ.

"ಆಯ್ತಲ್ಲ ಮಗು."

"ಎರಡು ಸಲಾನೂ ಬಲಗಣ್ಣನ್ನೇ ಮುಚ್ಚಿದ್ರಿ. ದಿನಾ ಹೀಗೇನಾ?"

ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಯಂತೆ ತಲೆ ತಗ್ಗಿಸಿದರು. ಆಮೇಲೆ ಎಡಗಣ್ಣು ಮುಚ್ಚಿಕೊಂಡರು. ಆದರೆ ನೋಡಿದ್ದು ಕಾರ್ಡನ್ನಲ್ಲ. ನನ್ನ ಹೆಗಲಿನಾಚೆ, ಊಟದ ಮೇಜಿನ ಖಾಲಿ ಕುರ್ಚಿಯನ್ನು.

"ಗೆರೆ ಬಾಗಿ ವಾರದ ಮೇಲಾಯ್ತು. ನಿನ್ನ ಮುಖಾನೂ ಹಿಂಡಿದ ಬಟ್ಟೆ ಹಾಗಿದೆ. ಅಕ್ಕ ಒಬ್ಬಳೇ ನೆಟ್ಟಗೆ ಕಾಣೋದು. ಮಾತಿಲ್ಲ, ಕತೆ ಇಲ್ಲ, ಹುರುಳೀಕಾಯಿ ನಾರು ತೆಗೀತಾ ಕೂತಿರ್ತಾಳೆ."

ಅವರ ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಮದುವೆಯಾಗದ ಇಬ್ಬರೂ ಆ ಮನೆಯಲ್ಲೇ ಜೊತೆಯಾಗಿ ಮುದುಕಿಯರಾದವರು. ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಕಣ್ಣು ಕೆಟ್ರೆ ಇಲ್ಲದ್ದೂ ಕಾಣುತ್ತೆ ಅಂತ ಡಾಕ್ಟರ್ ಹೇಳಿದ್ರಲ್ಲ, ಮಿಸ್."

"ಗೊತ್ತು ಕಣೇ. ಇಂಜೆಕ್ಷನ್ ಹಾಕಿದ್ರೆ ನೀನು ನೆಟ್ಟಗಾಗ್ತೀಯ, ಅವಳು ಹೊರಟ್ಹೋಗ್ತಾಳೆ. ನಾಳೆ ಹೋಗೋಣ."

"ನಾಳೆ ಇಲ್ಲ. ಚಪ್ಪಲಿ ಹಾಕ್ಕೊಳ್ಳಿ."

"ಓಹೋ, ಹೆಡ್‌ಮಿಸ್ಟ್ರೆಸ್ ಆಗ್ಬಿಟ್ಯಾ?" ಎಂದರು. ನಗಲಿಲ್ಲ. ಬಾಗಿಲಲ್ಲಿ ಒಮ್ಮೆ ತಿರುಗಿ, "ಬಂದ್ಬಿಡ್ತೀನಿ" ಎಂದರು. ನಾನು ಬೀಗ ಹಾಕಿದೆ. ಆಟೋದಲ್ಲಿ ಆಸ್ಪತ್ರೆಯವರೆಗೂ ಮಿಸ್ ನನ್ನ ಮಣಿಕಟ್ಟು ಬಿಡಲಿಲ್ಲ.

ಕೆಲವು ವಾರಗಳಲ್ಲಿ ಗೆರೆಗಳು ನೆಟ್ಟಗಾದವು. ಅಕ್ಕನ ಮಾತನ್ನು ಮಿಸ್ ಮತ್ತೆಂದೂ ಎತ್ತಲಿಲ್ಲ. ಕಳೆದ ವರ್ಷ ತೀರಿಕೊಳ್ಳುವ ಹಿಂದಿನ ದಿನವೂ ಪೇಪರ್ ಓದಿದರು. ಒಳ್ಳೇ ಕೆಲಸ ಮಾಡ್ದೆ ಅಂತ ಎಲ್ಲರೂ ನನ್ನನ್ನು ಹೊಗಳುತ್ತಾರೆ. ನನಗೆ ಮಾತ್ರ ಆಸ್ಪತ್ರೆಗೆ ಹೋಗಿಬಂದ ಆ ದಿನದ ಸಂಜೆ ನೆನಪಾಗುತ್ತದೆ. ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಎದುರುಮನೆಗೆ ಆ ವಾರವಷ್ಟೇ ಬಾಡಿಗೆಗೆ ಬಂದಿದ್ದಾಕೆ ತನ್ನ ಟೆರೇಸಿನಿಂದಲೇ ಕೇಳಿದಳು:

"ಕೆಳಗಡೆ ಮನೆ ಟೀಚರ್‌ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರಾ ಅಕ್ಕಾ? ಮನೇಲಿದ್ದ ಇನ್ನೊಬ್ಬರು ಅಜ್ಜಿ ನೀವು ಬರೋ ತನಕ ಕಿಟಕಿ ಬಿಟ್ಟು ಅಲ್ಲಾಡ್ಲಿಲ್ಲ ನೋಡಿ. ಪಾಪ, ಅವರನ್ನೂ ಕರ್ಕೊಂಡು ಹೋಗ್ಬೋದಿತ್ತು. ಆಟೋಲಿ ಜಾಗ ಇತ್ತಲ್ಲ."