ಎರಡು ವಿಳಾಸಗಳ ನಡುವಿನ ಸೀರೆಗಳು

ವಿದ್ಯಾಗಿರಿಯ ಒಂದು ಬಾಡಿಗೆ ಕೋಣೆಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ಇಳಕಲ್ಲಿನ ನೇಕಾರರ ಸಂಘವೊಂದು ತಮಗೊಂದು ವೆಬ್‌ಸೈಟ್ ಮಾಡಿಕೊಡಿ ಎಂದು ಕೇಳಿತು. ನನ್ನ ನಾದಿನಿಯೂ ಆ ಸಂಘದಲ್ಲಿದ್ದಳು. ಗಿರಾಕಿಗಳು ಅಂಗಡಿಗೆ ಹೋಗದೆ ನೇರ ತಮ್ಮ ಹತ್ತಿರ ಬರಲಿ ಎಂಬುದು ಅವರ ಆಸೆ.

ಮಗ್ಗದಿಂದ ಇಳಿದ ಸೀರೆ ಸೋಮವಾರ, ನೂಲು ಕೊಡುವ ಸಾಹುಕಾರರ ಅಂಗಡಿಗೆ ಹೋಗುವುದು ಅಲ್ಲಿನ ರೂಢಿ. ದಡಿ, ಬಣ್ಣ, ನೇಯ್ದವರು ಯಾರು, ಎಲ್ಲವನ್ನೂ ಸಾಹುಕಾರರೇ ಬರೆದಿಟ್ಟುಕೊಳ್ಳುತ್ತಿದ್ದರು. ನೇಕಾರರ ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಈಗ ಆ ಮಾಹಿತಿ, ಫೋಟೋ ಸಮೇತ, ಸಾಹುಕಾರರ ಸರ್ವರ್‌ನಲ್ಲಿತ್ತು. ನನ್ನ ಪುಟ ಅಲ್ಲಿಂದಲೇ ಅದನ್ನು ತರಬೇಕು. ಅವರು ಒಪ್ಪಿ, ಪರೀಕ್ಷೆಗೆಂದು ತಮ್ಮ ಸರ್ವರ್‌ನಲ್ಲೇ ಜಾಗ ಕೊಟ್ಟರು. ಅಲ್ಲಿ ಎಲ್ಲ ಸರಿಯಾಗಿ ಕಂಡಿತು.

ಪುಟವನ್ನು ಸಂಘದ ಸ್ವಂತ ವಿಳಾಸಕ್ಕೆ ಸಾಗಿಸಿದ ದಿನ ಸೀರೆಗಳ ಜಾಗವೆಲ್ಲ ಖಾಲಿ. ಕೋಡ್ ತಿದ್ದಿದೆ, ಬೇರೆ ಬ್ರೌಸರ್ ಹಾಕಿದೆ, ಕೇಬಲ್ ಕೂಡ ಬದಲಿಸಿದೆ. ಕೊನೆಗೆ ತಿಳಿಯಿತು: ಒಂದು ವಿಳಾಸದ ಪುಟ ಇನ್ನೊಂದು ವಿಳಾಸದ ಮಾಹಿತಿ ಕೇಳಿದರೆ, ಇವರಿಗೆ ಕೊಡಬಹುದು ಎಂದು ಆ ಕಡೆಯ ಸರ್ವರ್ ಹೇಳದ ಹೊರತು ಬ್ರೌಸರ್ ಅದನ್ನು ಕೊಡುವುದಿಲ್ಲ. ಸಾಹುಕಾರರು ಒಂದೇ ಒಂದು ಸಾಲು ಸೇರಿಸಿದರೆ ಸಾಕಿತ್ತು.

ಹೋಗಿ ಕೇಳಿದೆ. ಚಹಾ ತರಿಸಿದರು, ಮನೆಮಂದಿಯನ್ನೆಲ್ಲ ವಿಚಾರಿಸಿದರು.

"ಆ ಸಾಲು ಯಾಕ ಬೇಕ್ರಿ ಅಕ್ಕಾರ? ನಮ್ಮ ವಿಳಾಸದಾಗ ಚಂದಗೆ ನಡದಿತ್ತಲ್ಲ. ಅಲ್ಲೇ ಇರ್ಲಿ ಬಿಡ್ರಿ."

ಸಂಘದ ಸರ್ವರ್ ತಾನೇ ಹೋಗಿ ಮಾಹಿತಿ ತರುವಂತೆ ಬಳಸುದಾರಿ ಮಾಡಿದೆ. ಸರ್ವರ್ ಸರ್ವರ್‌ಗಳ ನಡುವೆ ಬ್ರೌಸರಿನ ತಕರಾರಿಲ್ಲ. ಸ್ವಲ್ಪ ದಿನ ನಡೆಯಿತು. ಸಾಹುಕಾರರಿಗೆ ಗೊತ್ತಾಗಿ ಅದನ್ನೂ ತಡೆದರು. ಹಾಗಾದರೆ ಇನ್ನು ಮುಂದಿನ ಸೀರೆಗಳನ್ನಾದರೂ ನಾವೇ ಬರೆದಿಟ್ಟುಕೊಳ್ಳೋಣ ಎಂದೆ. ಅವರನ್ನು ಎದುರು ಹಾಕಿಕೊಂಡು ನೂಲು ಎಲ್ಲಿಂದ ತರೋಣ ಎಂದು ಸಂಘದ ಹಿರಿಯರು ನನ್ನನ್ನೇ ಕೇಳಿದರು. ಪುಟ ಅಂಗಡಿಯ ವಿಳಾಸಕ್ಕೇ ಹೋಯಿತು.

ನಾಗರಪಂಚಮಿಗೆ ಬಂದ ನಾದಿನಿ ತನ್ನ ಸೀರೆ ನೋಡಬೇಕೆಂದಳು. ತೆರೆದು ತೋರಿಸಿದೆ. ಕೆಂಪು ಸೆರಗು ಚೆನ್ನಾಗಿಯೇ ಬಂದಿತ್ತು. ಕೆಳಗೆ ಅಂಗಡಿಯ ಹೆಸರು, ಅಂಗಡಿಯ ಫೋನು.

"ಇದ ನಾ ನೇಯ್ದದ್ದಂತ ಯಾರಿಗೆ ಗೊತ್ತಾಗ್ತೈತಿ ವೈನಿ?" ಎಂದಳು.

ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅವಳು ಮತ್ತೆ ನೋಡದೆ ಹಬ್ಬದ ಉಂಡಿ ಕಟ್ಟಲು ಒಳಗೆ ಹೋದಳು. ಪುಟದಲ್ಲಿ ಒಂದು ಎರರೂ ಇರಲಿಲ್ಲ.