ಅಕ್ಕೋರ ಅಂಗೈ

ಅವರ ಬಲ ಅಂಗೈಯ ಗೆರೆಗಳಲ್ಲಿ ಸೀಮೆಸುಣ್ಣದ ಪುಡಿ ಕೂತುಬಿಟ್ಟಿತ್ತು. ಕೈ ತೊಳೆದು ಊಟಕ್ಕೆ ಕೂತಾಗಲೂ ಗೆರೆಗಳು ಬೆಳ್ಳಗೇ ಕಾಣುತ್ತಿದ್ದವು. ಬನಹಟ್ಟಿಯಲ್ಲಿ ಸರಕಾರಿ ಕೆಲಸದ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಅವರನ್ನು ನಾವೆಲ್ಲ ಅಕ್ಕೋರು ಎಂದೇ ಕರೆಯುತ್ತಿದ್ದೆವು.

ಪಾಠದ ಕೋಣೆಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ಡು. ಮಗ್ಗಗಳ ಸದ್ದಿನಲ್ಲಿ ಕೂಗಿ ಫಲವಿಲ್ಲವೆಂದು ಅಕ್ಕೋರು ಕೈಯಿಂದಲೇ ಮಾತಾಡುವುದನ್ನು ರೂಢಿಸಿಕೊಂಡಿದ್ದರು. ಯಾರಾದರೂ ಅವಸರದ ಉತ್ತರಕ್ಕೆ ಬಾಯಿ ತೆರೆದರೆ ಅಂಗೈ ಮೇಲೇಳುತ್ತಿತ್ತು. ತಡಿ, ಎಂದು ಅರ್ಥ. ಒಮ್ಮೆ ಹಲಗೆಯ ಮೇಲೆ "ರವಿ ಡ್ಯಾಶ್ ಟು ಚಿಮ್ಮಡ ಎಸ್ಟರ್‌ಡೇ" ಎಂದು ಬರೆದರು. ಬಿ.ಎ. ಮುಗಿಸಿದ್ದ ನಾನು ರವಿ ಎಂಬುದನ್ನಷ್ಟೇ ಓದಿ "ಗೋಸ್" ಎಂದೆ. ಅಂಗೈ ಎದ್ದಿತು.

"ಕಡೀತನಕ ಓದ ಬೇ. ಕಡೀಗೆ ಎಸ್ಟರ್‌ಡೇ ಕುಂತೈತಲ್ಲ, ಅದನ್ನೇನ ನಿಮ್ಮಪ್ಪ ಬಂದು ಓದತಾನ?"

"ವೆಂಟ್ ರೀ ಅಕ್ಕೋರ."

"ಹಾಂ. ಈಗ ಹೋದ ನೋಡ ರವಿ."

ಹೋಲಿಕೆಯ ಪಾಠಕ್ಕೆ ಸಂತೆಯ ಚೀಲದಿಂದ ಬದನೆಕಾಯಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು. ಬಿಗ್, ಬಿಗ್ಗರ್, ಬಿಗ್ಗೆಸ್ಟ್. ಒಬ್ಬ ಪಕ್ಕದವನನ್ನು ತೋರಿಸಿ, ಇವ ನನಗಿಂತ ಡಾರ್ಕರ್ ಎಂದು ನಕ್ಕ. ಅಕ್ಕೋರು ನಗಲಿಲ್ಲ.

"ಮಂದೀನ ಹೋಲಸಬ್ಯಾಡಪಾ. ಅದು ಮನ್ಯಾಗ ದಿನಾ ನಡದಿರತೈತಿ. ಬದನಿಕಾಯಿಗೇನ ಬ್ಯಾಸರಿಲ್ಲ, ಅದನ್ನ ಹೋಲಸು."

ಕಬ್ಬಿನ ಹಂಗಾಮಿನ ಒಂದು ಮುಸ್ಸಂಜೆ ಪಾಠ ಮುಗಿಸಿ ಅಕ್ಕೋರೂ ನಾನೂ ಬಸ್ಸಿಗೆಂದು ಹೊರಟೆವು. ಅಕ್ಕೋರು ಮೊದಲೇ ರಸ್ತೆ ದಾಟಿ ಆಚೆ ನಿಂತಿದ್ದರು. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಜೋರಾಗಿ ಹಾಡು ಹಚ್ಚಿಕೊಂಡು ಧೂಳೆಬ್ಬಿಸಿ ಹೋಯಿತು. ಹೋಯಿತಲ್ಲ ಎಂದು ನಾನು ಕಾಲು ಮುಂದಿಟ್ಟೆ. ಅದರ ಬೆನ್ನಿಗೇ ದೀಪವಿಲ್ಲದ ಇನ್ನೊಂದು ಬರುತ್ತಿತ್ತು.

ಆಚೆಯಿಂದ ಅಂಗೈ ಎದ್ದಿತು.

ಟ್ರ್ಯಾಕ್ಟರ್ ನನಗೆ ಕಂಡಿರಲೇ ಇಲ್ಲ. ಕೈ ಕಂಡು ನಿಂತೆ. ಮುಖಕ್ಕೆ ಗಾಳಿ ಬಡಿಯುವಷ್ಟು ಹತ್ತಿರದಲ್ಲಿ ಅದು ಹಾದುಹೋಯಿತು. ಅದರ ಹಿಂದಿನ ಟ್ರೇಲರಿನ ಗಾಲಿ ಸಣ್ಣ ರಸ್ತೆಯ ಆಚೆ ಅಂಚಿನ ಗುಂಡಿಗೆ ಇಳಿದು, ಟ್ರೇಲರು ಕಬ್ಬಿನ ಸಮೇತ ಅಕ್ಕೋರು ನಿಂತ ಕಡೆಗೇ ಮಗುಚಿತು. ಮುಂದೆ ಹೋದ ಟ್ರ್ಯಾಕ್ಟರಿನ ಹಾಡು ಮಾತ್ರ ನಿಲ್ಲಲಿಲ್ಲ. ಜನ ಓಡಿಬಂದು ಕಬ್ಬು ಎಳೆದು ಹಾಕಿದರು. ಅಷ್ಟರಲ್ಲಿ ಅಕ್ಕೋರ ಜೀವ ಹೋಗಿತ್ತು.

ನನ್ನ ಕಡೆ ಕೈ ಎತ್ತುವ ಬದಲು ಅವರು ಹಿಂದಕ್ಕೆ ಸರಿದಿದ್ದರೆ ಎಂದು ದಿನಾ ಮನಸ್ಸಿನಲ್ಲಿ ಶುರುವಾಗುತ್ತದೆ. ಅದರ ಮುಂದಕ್ಕೆ ಯೋಚಿಸಲು ಆಗುವುದಿಲ್ಲ.

ಅಂತ್ಯಕ್ರಿಯೆಗೆ ಮುಂಚೆ ಅಕ್ಕೋರ ಮನೆಯಲ್ಲಿ ಮೈ ತೊಳೆಯುವಾಗ ಅವರ ತಾಯಿ ಆ ಅಂಗೈಯನ್ನು ತಿಕ್ಕುತ್ತಲೇ ಇದ್ದರು. "ಎಷ್ಟ ತೊಳದ್ರೂ ಗೆರಿಯಾಗಿನ ಪುಡಿ ಹೋಗವಲ್ದವಾ" ಎಂದರು. ಇರಲಿ ಬಿಡ್ರಿ ಎಂದೆ.

ಈಗ ಅದೇ ಕೋಣೆಯಲ್ಲಿ ನಾನು ಪಾಠ ಮಾಡುತ್ತೇನೆ. ಮೊನ್ನೆ ಹುಡುಗಿಯೊಬ್ಬಳು ವಾಕ್ಯ ಮುಗಿಯುವ ಮೊದಲೇ ಬಾಯಿ ತೆರೆದಳು. ನನಗೆ ತಿಳಿಯದೆಯೇ ನನ್ನ ಕೈ ಮೇಲೆದ್ದಿತು. ಅವಳು ಸುಮ್ಮನಾಗಿ ಕಡೆಯತನಕ ಓದಿ, ಸರಿಯಾದುದನ್ನೇ ಹೇಳಿದಳಂತೆ. ಮಗ್ಗದ ಸದ್ದಿನಲ್ಲಿ ನನಗದು ಕೇಳಿಸಲಿಲ್ಲ. ನನ್ನ ಕಣ್ಣ ಮುಂದೆ ಅಕ್ಕೋರು ರಸ್ತೆಯಾಚೆಯಿಂದ ಕೈ ಎತ್ತಿದ್ದರು. ನಾನಿನ್ನೂ ರಸ್ತೆಯ ಈಚೆಗೇ ನಿಂತಿದ್ದೆ.