ಪುಕ್ಕಟೆ ಸಿಕ್ಕ ಆನೆ

ಪುಕ್ಕಟೆ ಸಿಗುವ ಯಾವುದನ್ನು ಕಂಡರೂ ನನಗೆ ಮೊದಲಿನಿಂದ ಅನುಮಾನ. ಮದುವೆ ಮನೆಯಲ್ಲಿ ತಾಂಬೂಲದ ಚೀಲ ಕೊಟ್ಟರೆ, ಛತ್ರದ ಬಾಗಿಲು ದಾಟಿದ ಮೇಲೆ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವವನು ನಾನು. ಇಂಥವನು, ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಕಾಲದಲ್ಲಿ, ನಂಜನಗೂಡಿನ ಇಂಟರ್‌ನೆಟ್ ಸೆಂಟರೊಂದರ ಪ್ಲೈವುಡ್ ಗೂಡಿನಲ್ಲಿ ಕೂತು ಒಂದು ಆನೆಯನ್ನು ಇಳಿಸಿಕೊಂಡೆ. ಯಾವ ದೇಶದವರೋ ಶಾಲಾ ಮಕ್ಕಳಿಗೆಂದು ಪುಕ್ಕಟೆ ಇಟ್ಟಿದ್ದ ಚಿತ್ರ ಅದು. ಆಗ ಚಿತ್ರ ಒಮ್ಮೆಲೇ ಬರುತ್ತಿರಲಿಲ್ಲ. ಮೊದಲು ಬೆನ್ನು ಕಾಣಿಸಿತು, ಆಮೇಲೆ ಕಿವಿ. ಕಾಲು ಬರುವಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬೆನ್ನಿನಿಂದ ಶುರು. ಕಾಲಿಲ್ಲದ ಆನೆಯನ್ನೇ ಮಕ್ಕಳಿಗೆ ತೋರಿಸಬೇಕಾದೀತೇನೋ ಎಂದು ಬೆವರುತ್ತ ಕೂತಿದ್ದೆ.

ಮನೆ ನಂಜನಗೂಡಿನಲ್ಲಿ, ಕೆಲಸ ಟಿ. ನರಸೀಪುರ ತಾಲ್ಲೂಕಿನಲ್ಲಿ. ಮೂಗೂರಿನಿಂದ ಆಚೆಗಿನ ಒಂದು ಸಣ್ಣ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದೆ. ಎರಡನೆಯ ಬಸ್ಸು ಸಿಗುವುದೋ ಇಲ್ಲವೋ ಎಂಬ ಚಿಂತೆಯಲ್ಲಿ ಮೊದಲನೆಯದರಲ್ಲಿ ಕಿಟಕಿಯಾಚೆ ಏನಿತ್ತೆಂದು ನೋಡಿದವನೇ ಅಲ್ಲ. ಶಾಲೆಗೆ ಯಾರೋ ದಾನಿಗಳು ಒಂದು ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮ ಇಟ್ಟು ಹೂವು ಮುಡಿಸಿದ್ದು ಬಿಟ್ಟರೆ ನಾವು ಅದರ ತಂಟೆಗೆ ಹೋಗಿರಲಿಲ್ಲ. ಹೋಗುವ ಹಾಗೆ ಮಾಡಿದವಳು ಬಿಸಿಯೂಟದ ಅಡುಗೆಯವಳು. ಅವಳ ಮಗಳು ನನ್ನ ಮೂರನೆಯ ತರಗತಿಯಲ್ಲಿ ಓದುತ್ತಿದ್ದಳು. ಒಂದು ದಿನ ಊಟವಾದ ಮೇಲೆ, ಪಾತ್ರೆ ತೊಳೆಯುತ್ತಲೇ ಮಾತು ತೆಗೆದಳು.

“ತೆಪ್ಪು ತಿಳ್ಕಬ್ಯಾಡಿ ಸಾ. ಬರೋ ವರ್ಸ ಇವ್ಳ ಕಾನ್ವೆಂಟ್‌ಗೆ ಆಕ್ಬುಡವಾ ಅಂತಿವ್ನಿ. ನರಸೀಪುರದ ವ್ಯಾನು ಊರ್ ಮುಂದ್ಕೇ ಬತ್ತದೆ.”

“ಯಾಕಮ್ಮಾ, ಇಲ್ಲೇನಾಗಿದೆ?”

“ಏನೂ ಆಗ್ನಿಲ್ವಲ್ಲ, ಅದ್ಕೇಯ. ಮೂರ್ನೇ ಕಿಳಾಸು. ಬಸ್ ಬೋಡು ಓದವ್ವಾ ಅಂದ್ರೆ, ಬಸ್ಸು ಓಗೋಗಂಟ ಬಾಯ್ ಬುಟ್ಕಂಡು ನೋಡ್ತಾಳೆ. ನಾನಂತೂ ಸಾಯೋಗಂಟ ಅವ್ರಿವ್ರ ಕೇಳ್ಕಂಡೇ ಬಸ್ ಅತ್ತೋಳು. ಇವ್ಳಾರ ಕೇಳ್ದೆ ಅತ್ಲಿ ಅಂತ.”

ಅವಳು ಮಗಳನ್ನು ಬಿಡಿಸಿದರೆ ಅವಳ ಬೀದಿಯ ನಾಲ್ಕು ಮಕ್ಕಳೂ ಹಿಂದೆಯೇ ವ್ಯಾನು ಹತ್ತುತ್ತವೆ, ಮಕ್ಕಳು ಕಡಿಮೆಯಾದರೆ ಶಾಲೆಗೆ ಬೀಗ, ನನಗೆ ಎಲ್ಲಿಗೋ ವರ್ಗ, ಅಲ್ಲಿಗೆ ಮೂರು ಬಸ್ಸು. ಅವಳು ಪಾತ್ರೆ ಮಗುಚಿ ಇಡುವಷ್ಟರಲ್ಲಿ ನಾನು ಇಷ್ಟು ದೂರ ಯೋಚಿಸಿ ಆಗಿತ್ತು. “ಯುಗಾದಿವರೆಗೆ ನೋಡಮ್ಮ. ಕಂಪ್ಯೂಟರ್‌ನಲ್ಲಿ ಹೇಳ್ಕೊಡ್ತೀನಿ. ನಿನ್ನ ಮಗಳು ನೀರು ಕುಡಿದ ಹಾಗೆ ಓದದೇ ಇದ್ದರೆ ಕೇಳು” ಎಂದುಬಿಟ್ಟೆ.

ಹಾಗೆ ಹುಟ್ಟಿದ್ದು ಆನೆಯ ಪಾಠ. ಒಂದರ ಹಿಂದೊಂದು ಪರದೆ ತೋರಿಸುವ ತಂತ್ರಾಂಶ ಪುಕ್ಕಟೆ ಸಿಕ್ಕಿತು. ಕನ್ನಡ ಅಕ್ಷರ ಮೂಡಿಸುವ ತಂತ್ರಾಂಶವೂ ಪುಕ್ಕಟೆಯೇ. ಮೊದಲ ಪರದೆಯಲ್ಲಿ ಆನೆ ಮಾತ್ರ, ಎರಡನೆಯದರಲ್ಲಿ ನಾನೇ ಬರೆದ ಆರು ಸಾಲು. ಆನೆ ಬಂತು. ಕೆರೆಗೆ ಇಳಿಯಿತು. ನೀರು ಎರಚಿತು. ಮರಿ ಜಾರಿತು. ತಾಯಿ ಸೊಂಡಿಲು ಚಾಚಿತು. ಮರಿ ಎದ್ದಿತು. ಚಿತ್ರ ನೋಡಿದೊಡನೆ ಹುಡುಗರು ತಕರಾರು ತೆಗೆದರು.

“ಸಾ, ಇದೇನ್ ಸಾ ಕಿವಿ ಮೊರ್ದಂಗದೆ? ನಂಜನಗೂಡ್ ದೇವಸ್ಥಾನದ್ ಆನೇಗೆ ಅಂಗಿಲ್ಲ ಕಣ್ ಸಾ.”

ಅದು ಆಫ್ರಿಕಾದ ಆನೆ ಎಂದು ನನಗೂ ಆಗಲೇ ಹೊಳೆದದ್ದು. “ಫಾರಿನ್ ಆನೆ ಕಣ್ರೋ, ಓದ್ರೋ” ಎಂದೆ.

ನಮ್ಮ ಶಾಲೆಗಳಲ್ಲಿ ಓದುವ ಕ್ರಮ ಒಂದುಂಟು. ಮೇಷ್ಟ್ರು ಒಂದು ಸಾಲು ಹೇಳುವುದು, ಮಕ್ಕಳೆಲ್ಲ ಒಟ್ಟಿಗೆ ರಾಗವಾಗಿ ಅದನ್ನು ಹಿಂದಿರುಗಿಸುವುದು. ನನ್ನನ್ನು ಹಾಗೆ ಓದಿಸಿದ್ದರು, ನಾನೂ ಹಾಗೆಯೇ ಓದಿಸಿದೆ. ಹಿಂದೆ ಕಪ್ಪುಹಲಗೆ ಮಾಡುತ್ತಿದ್ದ ಕೆಲಸಕ್ಕೆ ಈಗ ಕಂಪ್ಯೂಟರು, ಅಷ್ಟೆ. ಎರಡು ವಾರ ಕಳೆಯುವಷ್ಟರಲ್ಲಿ ಅಡುಗೆಯವಳ ಮಗಳು ಒಬ್ಬಳೇ ಎದ್ದು ನಿಂತು ಆರು ಸಾಲನ್ನೂ ತಡವರಿಸದೆ ಹೇಳುತ್ತಿದ್ದಳು. ತಾಯಿ ಬಾಗಿಲಲ್ಲಿ ಹುರುಳಿಕಾಯಿ ಮುರಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖ ನೋಡಿ ನನಗೆ ಸಮಾಧಾನವಾಗುತ್ತಿತ್ತು.

ಸುತ್ತಲಿನ ಶಾಲೆಗಳ ಮೇಷ್ಟರುಗಳ ತಿಂಗಳ ಸಭೆ ಸರದಿಯ ಮೇಲೆ ನಮ್ಮ ಶಾಲೆಗೆ ಬಂತು. ಆ ಶಾಲೆಗಳ ಉಸ್ತುವಾರಿ ನೋಡುವ ಅಧಿಕಾರಿ, “ನಿಮ್ಮ ಕಂಪ್ಯೂಟರ್ ಪಾಠವನ್ನೇ ಮಾದರಿ ಪಾಠ ಮಾಡಿಬಿಡಿ” ಎಂದರು. ಅಲ್ಲಿಂದ ನನಗೆ ನಿದ್ದೆಯಿಲ್ಲ. ಎಲ್ಲರ ಎದುರು ಕಂಪ್ಯೂಟರ್ ಮುನಿಸಿಕೊಂಡರೆ? ವೈರಸ್ ಇದ್ದರೆ? ಹಿಂದಿನ ದಿನ ನರಸೀಪುರದಿಂದ ರಿಪೇರಿಯವನನ್ನು ಕರೆಸಿ, “ಒಳಗಿರೋದನ್ನೆಲ್ಲ ಅಳಿಸಿ, ಹೊಸದರ ಹಾಗೆ ಮಾಡಿಕೊಡಪ್ಪ” ಎಂದೆ. ಅವನು ಫಾರ್ಮ್ಯಾಟ್ ಮಾಡಿಕೊಟ್ಟು ಹೋದ. ಪಾಠವೂ ಅದನ್ನು ತೋರಿಸುವ ತಂತ್ರಾಂಶವೂ ಇದ್ದ ಸಿ.ಡಿ. ನನ್ನ ಬಳಿಯೇ ಇತ್ತು. ಹಾಕಿ ನೋಡಿದೆ. ಆನೆ ಬಂತು, ನಾಲ್ಕು ಕಾಲೂ ಇದ್ದವು. ಹೆಚ್ಚು ಹೊತ್ತು ಓಡಿಸಿದರೆ ಮತ್ತೆ ಕೆಟ್ಟೀತೆಂದು ಹೆದರಿ, ಎರಡನೆಯ ಪರದೆಗೆ ಹೋಗದೆ ಆಫ್ ಮಾಡಿದೆ. ಅಳಿಸಿ ಹಾಕಿದ್ದರಲ್ಲಿ ಕನ್ನಡ ಅಕ್ಷರದ ತಂತ್ರಾಂಶವೂ ಸೇರಿತ್ತೆಂಬುದು ನನ್ನ ತಲೆಗೇ ಬರಲಿಲ್ಲ. ಬೇಕಾದ್ದು ಬೇಡದ್ದು ಎಲ್ಲವನ್ನೂ ಚಿಂತಿಸುವ ತಲೆ ಇದು.

ಮರುದಿನ ಮಕ್ಕಳು ಮುಂದೆ, ಮೇಷ್ಟರುಗಳು ಹಿಂದೆ, ಬಾಗಿಲಲ್ಲಿ ಹುರುಳಿಕಾಯಿಯ ಮೊರ ಹಿಡಿದ ತಾಯಿ. ಆನೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಪರದೆಗೆ ಬೆನ್ನು ಮಾಡಿ, ಅಧಿಕಾರಿಯ ಮುಖ ನೋಡುತ್ತ, ಗುಂಡಿ ಒತ್ತಿ ಅಡುಗೆಯವಳ ಮಗಳನ್ನು ಎಬ್ಬಿಸಿದೆ. ಕೈಯಲ್ಲಿದ್ದ ಕೋಲನ್ನು ಪರದೆಯ ಮೇಲೆ ಸಾಲಿನಿಂದ ಸಾಲಿಗೆ ಸರಿಸುತ್ತ ಹೋದೆ. ಅವಳು ಗಂಟೆ ಬಾರಿಸಿದ ಹಾಗೆ ಓದಿದಳು. ಉಳಿದವರೂ ದನಿಗೂಡಿಸಿದರು. ಮರಿ ಎದ್ದಿತು ಎನ್ನುವಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ತಿರುಗಿ ನೋಡಿದೆ. ಪರದೆಯ ಮೇಲೆ ಕನ್ನಡವೇ ಇರಲಿಲ್ಲ. ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತು, ನಡುನಡುವೆ ಪ್ರಶ್ನಾರ್ಥಕ ಚಿಹ್ನೆ. ನನ್ನ ಕೋಲು ಒಂದು ಪ್ರಶ್ನಾರ್ಥಕದ ಮೇಲೆ ನಿಂತಿತ್ತು.

“ಏನ್ರೀ ಮೇಷ್ಟ್ರೇ, ಯಾವ ದೇಶದ ಲಿಪಿ ಕಣ್ರೀ ಇದು?” ಎಂದರು ಅಧಿಕಾರಿ.

“ಆಫ್ರಿಕಾದ್ದಿರಬೇಕು ಸಾರ್, ಆನೆ ಅಲ್ಲೀದೇ ಅಲ್ವಾ” ಎಂದರು ಹಿಂದಿನ ಬೆಂಚಿನ ಮೇಷ್ಟ್ರು. “ಈ ಮೇಷ್ಟ್ರಿಗೂ ಬರತ್ತೆ, ಇವರ ಮಕ್ಕಳಿಗೂ ಬರತ್ತೆ. ನಮಗೆ ಮಾತ್ರ ಬರಲ್ಲ ನೋಡಿ.”

ಕೋಣೆಯೆಲ್ಲ ನಗು. ಅಧಿಕಾರಿ ನಗಲಿಲ್ಲ. ಎದ್ದು ಹೋಗಿ ಅದೇ ಆರು ಸಾಲನ್ನು ಕಪ್ಪುಹಲಗೆಯ ಮೇಲೆ ತಾವೇ ಬರೆದು, ನಾಲ್ಕನೆಯ ಸಾಲನ್ನು ತೋರಿಸಿ, “ಇದನ್ನ ಓದು ಪುಟ್ಟಾ” ಎಂದರು. ಹುಡುಗಿ ಅದನ್ನು ನೋಡಿದಳು. ಬೆರಳು ಮಡಿಸುತ್ತ, ತುಟಿಯೊಳಗೇ ಮೊದಲ ಸಾಲಿನಿಂದ ಹೇಳಿಕೊಂಡು ಬಂದಳು. ನಾಲ್ಕನೆಯ ಬೆರಳಿಗೆ ತಲುಪಿದಾಗ ತಲೆ ಎತ್ತಿ, “ಮರಿ ಜಾರಿತು” ಎಂದಳು. ಅಧಿಕಾರಿ ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಂಡು, “ಕಾಫಿ ಕುಡಿಯೋಣ ನಡೀರಿ” ಎಂದರು. ಬೈದಿದ್ದರೆ ಎಷ್ಟೋ ಮೇಲಿತ್ತು.

ಎಲ್ಲರೂ ಹೊರಗೆ ಹೋದ ಮೇಲೆ ತಾಯಿ ಒಳಗೆ ಬಂದಳು.

“ಯಾಕ್ ಸಾ ಎಲ್ಲಾ ನಗಾಡುದ್ರು? ಚೆಂದಾಗ್ ಓದುದ್ಲಲ್ಲ?”

“ಕಂಪ್ಯೂಟರ್ ಕೆಟ್ಟೋಗಿತ್ತಮ್ಮ” ಎಂದೆ.

ಅವಳ ಮುಖ ಅರಳಿತು. “ಕೆಟ್ಟೋದ್ರೂ ಓದುದ್ಲಲ್ಲ ಸಾ!”

ಆ ಮಾತು ಕಿವಿಯಲ್ಲಿ ಇಟ್ಟುಕೊಂಡೇ ಮಾರನೆಯ ದಿನದಿಂದ ಮತ್ತೆ ಅಕ್ಷರದಿಂದ ಶುರು ಮಾಡಿದೆ. ಸಾಲುಗಳನ್ನು ಹಿಂದುಮುಂದು ಬರೆದೆ, ಪದ ಬಿಡಿಸಿ ಅಲ್ಲೊಂದು ಇಲ್ಲೊಂದು ಇಟ್ಟೆ. ಒಟ್ಟಾಗಿ ರಾಗ ಎಳೆಯುವುದನ್ನು ನಿಲ್ಲಿಸಿದೆ. ತರಗತಿ ಥಟ್ಟನೆ ಮೂಕವಾಯಿತು. ಆ ಮೌನ ಕೇಳಲಾಗದೆ ಎಷ್ಟೋ ಸಲ ನಾನೇ ಓದಿ ಹೇಳಿಬಿಡುತ್ತಿದ್ದೆ. ಅಡುಗೆಯವಳ ಮಗಳು ಒಂದೊಂದು ಅಕ್ಷರಕ್ಕೂ ಬೆರಳಿಟ್ಟು, ಸೆಗಣಿ ತುಳಿಯದ ಹಾಗೆ ಕಾಲಿಡುವವಳಂತೆ ಓದತೊಡಗಿದಳು. ಅದು ಓದು. ನನಗೆ ಗೊತ್ತಿತ್ತು. ಬಾಗಿಲಲ್ಲಿದ್ದವಳಿಗೆ ಗೊತ್ತಿರಲಿಲ್ಲ.

ಯುಗಾದಿಗೆ ಮುಂಚಿನ ಒಂದು ಸಂಜೆ ತಾಯಿ ಮಗಳು ನರಸೀಪುರಕ್ಕೆ ಹೊರಟಿದ್ದರು. ನಾನೂ ಅದೇ ನಿಲ್ದಾಣದಲ್ಲಿದ್ದೆ. ಬಸ್ಸು ಬಂತು. “ಓದವ್ವಾ” ಎಂದಳು ತಾಯಿ. ಹುಡುಗಿ ಬೋರ್ಡು ದಿಟ್ಟಿಸಿ, “ನ... ರ... ಸೀ...” ಎಂದಳು. “ಪು...” ಎನ್ನುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ನಾನೂ ಅವಳ ಬಾಯನ್ನೇ ನೋಡುತ್ತ ನಿಂತಿದ್ದೆ. ಬಸ್ಸು ಹೋಯಿತು.

“ಏನ್ ಮಾಡ್ಬುಟ್ರಿ ಸಾ ನನ್ ಮಗೀಗೆ? ನೀರ್ ಕುಡ್ದಂಗೆ ಓದ್ತಿದ್ಲು. ಈಗ ನೋಡುದ್ರೆ ತೊದುಲ್ತಾವ್ಳೆ.”

ಅಲ್ಲಿಯೇ, ಕಲ್ಲುಬೆಂಚಿನ ಮುಂದೆ ನಿಂತು ಹೇಳಿದೆ. ಆಗ ಅವಳು ಓದುತ್ತಿರಲಿಲ್ಲ, ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. ಈಗ ಓದುತ್ತಿದ್ದಾಳೆ.

ತಾಯಿ ನನ್ನನ್ನೇ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ನನ್ನದೇ ರಾಗದಲ್ಲಿ ಶುರು ಮಾಡಿದಳು. “ಆನೆ ಬಂತು. ಕೆರೆಗೆ ಇಳಿಯಿತು. ನೀರು ಎರಚಿತು...” ಆರೂ ಸಾಲು. ನನ್ನ ಜತೆಯಲ್ಲಿ ಹಳ್ಳಿಯ ಮಾತನ್ನೇ ಆಡುತ್ತಿದ್ದವಳ ಬಾಯಲ್ಲಿ ಪುಸ್ತಕದ ಕನ್ನಡ, ಒಂದು ಅಕ್ಷರ ಮುಕ್ಕಾಗದೆ. ಮಗಳು ನಕ್ಕಳು. ತಾಯಿ ನಗಲಿಲ್ಲ.

“ಉಳ್ಳೀಕಾಯ್ ಮುರ್ಕಂಡು ನಾನೂ ಕಲ್ತಿವ್ನಿ ಸಾ. ಅಂಗಾರೆ ನಂಗೆ ಬತ್ತಿದ್ದಷ್ಟೇ ಇವ್ಳ್ಗೂ ಬತ್ತಿದ್ದುದು?”

“ಹೂಂ ಕಣಮ್ಮಾ” ಎಂದೆ.

ಜೂನಿನಲ್ಲಿ ಹುಡುಗಿ ವ್ಯಾನು ಹತ್ತಿದಳು. ಬೀದಿಯ ಉಳಿದ ಮಕ್ಕಳಲ್ಲಿ ಇಬ್ಬರು ಹೋದರು. ಶಾಲೆಗೆ ಬೀಗ ಬೀಳಲಿಲ್ಲ, ನನಗೆ ವರ್ಗವೂ ಆಗಲಿಲ್ಲ. ಅಷ್ಟು ದಿನದ ಚಿಂತೆಯೆಲ್ಲ ದಂಡ. ತಾಯಿ ನಮ್ಮಲ್ಲೇ ಅಡುಗೆ ಮಾಡುತ್ತಿದ್ದಳು. ಮಧ್ಯಾಹ್ನ ನನ್ನ ತಟ್ಟೆಯ ಮುಂದೆ ಸೌಟು ಹಿಡಿದು, “ಇನ್ನೊಂಚೂರ್ ಆಕ್ಲಾ ಸಾ?” ಎಂದು ಎಂದಿನಂತೆಯೇ ಕೇಳುತ್ತಿದ್ದಳು. ನಾನು ಬೇಡವೆನ್ನುತ್ತಿದ್ದೆ. ಹಸಿವಿದ್ದರೂ.

ದಸರಾ ರಜೆಗೆ ಮುಂಚೆ ಒಂದು ಸಂಜೆ ಮಗಳನ್ನು ಕರೆದುಕೊಂಡು ಶಾಲೆಗೆ ಬಂದಳು. ಹುಡುಗಿಯ ಕೊರಳಲ್ಲಿ ಟೈ, ಕೈಯಲ್ಲಿ ಇಂಗ್ಲಿಷ್ ಪುಸ್ತಕ. ಒಂದು ಪಾಠ ತೆಗೆದು ಗಡಗಡ ಓದಿದಳು. ನನಗೂ ಅಷ್ಟು ವೇಗ ಬರುವುದಿಲ್ಲ.

“ಇಂಗ್ಲೀಸು ಇಂಗೆ ನೀರ್ ಕುಡ್ದಂಗೆ ಓದ್ತಾಳೆ ಸಾ. ಅದ್ಕೇ ಭಯ ಆಯ್ತು” ಎಂದಳು ತಾಯಿ. “ವಸಿ ನೀವೇ ನೋಡಿ. ಓದಾದೋ, ಬಾಯ್ಪಾಠವೋ?”

ಪುಸ್ತಕ ತೆಗೆದುಕೊಂಡು, ಪುಟದ ಕೆಳಗಡೆ ಒಂದು ಸಾಲಿನ ಮೇಲೆ ಬೆರಳಿಟ್ಟೆ. ಹುಡುಗಿ ಬೆರಳನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ತುಟಿ ಮೆಲ್ಲಗೆ ಆಡತೊಡಗಿತು, ಪಾಠದ ಮೊದಲಿನಿಂದ. ತಾಯಿ ಪುಸ್ತಕದ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

“ಬಾಯಿಪಾಠ ಕಣಮ್ಮಾ” ಎಂದೆ.

“ಅಂಗೇ ಅಂದ್ಕಂಡಿದ್ದೆ. ನಿಮ್ಗಾದ್ರೆ ತಟ್ಟಂತ ಗೊತ್ತಾಯ್ತದೆ ಸಾ” ಎಂದಳು.

ಹೊಗಳಿದ್ದೇ ಇರಬೇಕು. ನಾನು ಸೀಮೆಸುಣ್ಣ ಹುಡುಕುವ ನೆಪದಲ್ಲಿ ಬೀರುವಿನ ಕಡೆ ತಿರುಗಿಕೊಂಡೆ.